ವೆಬ್‌ಸೈಟಿನ ಭಾರಪರೀಕ್ಷೆ: ಒಬ್ಬನ ದಾಖಲೆಯಿಂದ ಸಾವಿರ ಜನರ ಸಾಲು



ತತ್ಕಾಲ್ ಟಿಕೀಟಿನ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಊರ ಜಾತ್ರೆಗೋ ಮನೆಯ ಕಾರ್ಯಕ್ಕೋ ಹೊರಡಬೇಕೆಂದು ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಮೊಬೈಲು ಹಿಡಿದು ಕುಳಿತಿರುತ್ತೇವೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಹೆಸರನ್ನು ಒತ್ತುವಷ್ಟರಲ್ಲಿ ಪರದೆಯ ಮೇಲೆ ಒಂದು ಚಕ್ರ ತಿರುಗಲಾರಂಭಿಸುತ್ತದೆ. ಅದು ತಿರುಗಿ ತಿರುಗಿ ನಿಲ್ಲುವ ವೇಳೆಗೆ ಸ್ಲೀಪರ್ ಡಬ್ಬಿಯ ಜಾಗಗಳೆಲ್ಲ ಮುಗಿದು ವೇಟಿಂಗ್ ಲಿಸ್ಟು ನಮ್ಮ ಪಾಲಿಗೆ ಬಂದಿರುತ್ತದೆ. ಕಳೆದ ತಿಂಗಳು ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಅಲ್ರೀ, ಇಷ್ಟು ದೊಡ್ಡ ಕಾರಭಾರ ಮಾಡೋರು ಮೊದಲ ಒಮ್ಮೆ ಪರೀಕ್ಷಾ ಮಾಡಿ ನೋಡೂದಿಲ್ಲೇನು?"

ಮಾಡುತ್ತಾರೆ. ಆ ಟಿಕೀಟಿನ ಸೈಟು ಸಹ ಒಮ್ಮೆಲೇ ದೊಡ್ಡದಾದದ್ದಲ್ಲ. ೨೦೧೪ರ ಏಪ್ರಿಲ್ ೨೮ರಂದು ಹೊಸ ವ್ಯವಸ್ಥೆಯನ್ನು ಜಾರಿಗೆ ತಂದಾಗ, ನಿಮಿಷಕ್ಕೆ ೨,೦೦೦ ಟಿಕೀಟು ಕೊಡುತ್ತಿದ್ದದ್ದು ಇನ್ನು ೭,೨೦೦ ಕೊಡಬಲ್ಲದೆಂದು ರೈಲ್ವೆಯವರು ಸಾರಿದ್ದರು. ೨೦೨೫ರ ಮೇ ೨೨ರಂದು ಒಂದೇ ನಿಮಿಷದಲ್ಲಿ ೩೧,೮೧೪ ಟಿಕೀಟುಗಳು ಹೋದುವು. ಇಂಥ ಭಾರವನ್ನು ಹೊರಬೇಕಾದ ಯಂತ್ರ ಎಲ್ಲಿ ಕುಸಿಯುತ್ತದೆಂಬುದನ್ನು ಜನ ಬರುವ ಮುಂಚೆಯೇ ಕಂಡುಕೊಳ್ಳಬೇಕು. ಅದಕ್ಕೆ ಲೋಡ್ ಟೆಸ್ಟಿಂಗ್ ಎನ್ನುತ್ತಾರೆ. ನಾವು ಭಾರಪರೀಕ್ಷೆ ಎನ್ನೋಣ. ಪರೀಕ್ಷೆಗಾಗಿ ಸಾವಿರಾರು ಜನರನ್ನು ಕರೆಸಿ ಕೂಡಿಸುವುದು ಆಗದ ಮಾತು. ಆದುದರಿಂದ ಒಬ್ಬ ಮನುಷ್ಯನು ಆ ಸೈಟಿನಲ್ಲಿ ಮಾಡುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ದಾಖಲಿಸಿಕೊಂಡು, ಅದನ್ನೇ ಸಾವಿರ ಜನ ಮಾಡುತ್ತಿರುವಂತೆ ಯಂತ್ರದಿಂದ ಆಡಿಸುತ್ತಾರೆ. ನಾನು ಮೆಟ್ರಿಕ್ ಓದಿದ ಗಿರಣಿ ಕಾರಕೂನ. ಈ ವಿದ್ಯೆಯನ್ನು ಶಾಲೆಯಲ್ಲಿ ಕಲಿತವನಲ್ಲ. ಆದರೆ ಒಮ್ಮೆ ನನ್ನ ಮೇಜಿನ ಮೇಲೆಯೇ ಇದು ನಡೆಯಿತು. ಅದು ಕೆಟ್ಟದ್ದನ್ನೂ ಸುಧಾರಿಸಿದ್ದನ್ನೂ ಎರಡನ್ನೂ ಕಂಡೆನಾದುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮ ಗಿರಣಿಯಲ್ಲಿ ಪಗಾರದ ಚೀಟಿ ಹಂಚುವುದನ್ನು ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ಟೋಕನ್ ನಂಬರು ಹಾಕಿ ಮೊಬೈಲಿನಲ್ಲಿಯೇ ನೋಡಿಕೊಳ್ಳಬೇಕೆಂದು ಒಂದು ವೆಬ್‌ಸೈಟು ಮಾಡಿಸಿದರು. ಮಾಡಿಕೊಟ್ಟ ಕಂಪನಿಯವರು ಪರೀಕ್ಷೆಗೆಂದು ಒಬ್ಬ ಹುಡುಗನನ್ನು ಕಳಿಸಿದರು. ಬಾಗಲಕೋಟೆ ಕಡೆಯವನು, ಕನ್ನಡದಲ್ಲೇ ಮಾತನಾಡಿದ. "ಸರ್, ನೀವು ಹೆಂಗ ಮಾಡ್ತೀರಿ ಹಂಗs ಮಾಡ್ರಿ, ನಾ ರೆಕಾರ್ಡ್ ಮಾಡ್ಕೋತೀನಿ" ಎಂದ. ಕ್ಯಾಮರಾ ಎಲ್ಲೋ ಇದೆಯೆಂದು ನಾನು ಕಾಲರು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ. ಹುಡುಗ ನಕ್ಕ.

ಅಲ್ಲಿ ದಾಖಲಾಗುವುದು ನಮ್ಮ ಮುಖವೂ ಅಲ್ಲ, ಪರದೆಯ ಚಿತ್ರವೂ ಅಲ್ಲ. ಕಚೇರಿಯ ಕೆಲಸ ಬಲ್ಲವರಿಗೆ ಇದನ್ನು ಆವಕ-ಜಾವಕ ವಹಿಯಿಂದ ಸುಲಭವಾಗಿ ಹೇಳಬಹುದು. ನಾವು ಒಂದು ಗುಂಡಿ ಒತ್ತಿದಾಗ ಬ್ರೌಸರು ದೂರದ ಸರ್ವರ್ ಯಂತ್ರಕ್ಕೆ ಒಂದು ಪತ್ರ ಬರೆಯುತ್ತದೆ: "ಇಂಥ ಪುಟ ಕೊಡಿರಿ." ಸರ್ವರು ಉತ್ತರ ಕಳಿಸುತ್ತದೆ. ಆ ಉತ್ತರವನ್ನು ಓದಿ ಬ್ರೌಸರು ಮತ್ತೆ ಬರೆಯುತ್ತದೆ: "ಇದರಲ್ಲಿ ಹೇಳಿದ ಲಾಂಛನದ ಚಿತ್ರ ಕೊಡಿರಿ, ಅಕ್ಷರದ ಅಚ್ಚು ಕೊಡಿರಿ." ನಾವು ಒಂದು ಸಲ ಒತ್ತಿದ್ದಕ್ಕೆ ಹತ್ತಾರು ಪತ್ರಗಳು ಹೋಗಿ ಬರುತ್ತವೆ. ರೆಕಾರ್ಡರ್ ಎಂಬುದು ಈ ಪತ್ರಗಳನ್ನೆಲ್ಲ ಒಂದೂ ಬಿಡದೆ, ಹೊತ್ತಿನ ಸಮೇತ ವಹಿಯಲ್ಲಿ ನಕಲು ಮಾಡಿಕೊಳ್ಳುವ ಗುಮಾಸ್ತ.

ನಕಲು ಮಾಡಲು ಎರಡು ಹಾದಿಗಳುಂಟು. ಮೊದಲನೆಯದು, ಬ್ರೌಸರು ಮತ್ತು ಸರ್ವರಿನ ನಡುವೆ ಒಬ್ಬ ಶಿಪಾಯಿಯನ್ನು ನಿಲ್ಲಿಸುವುದು. ಈ ನಡುವಿನವನಿಗೆ ಪ್ರಾಕ್ಸಿ ಎಂದು ಹೆಸರು. ಅಪಾಚೆ ಸಂಸ್ಥೆಯ ಜೆಮೀಟರ್ ಎಂಬ ಉಪಕರಣ ಹೀಗೆ ಮಾಡುತ್ತದೆ. ಸ್ತೆಫಾನೋ ಮಜ್ಜೊಕ್ಕಿ ಎಂಬವರು ಮೊದಲಿಗೆ ಬರೆದ ಇದು ೧೯೯೮ರಲ್ಲಿ ಹೊರಬಂದಿತು, ಕಾಸು ಕೊಡಬೇಕಾಗಿಲ್ಲ. ಜೆಮೀಟರಿನ ಶಿಪಾಯಿ ಸಾಮಾನ್ಯವಾಗಿ ೮೮೮೮ ನಂಬರಿನ ಬಾಗಿಲಲ್ಲಿ ಕಾದಿರುತ್ತಾನೆ. ಪತ್ರಗಳನ್ನೆಲ್ಲ ಅವನ ಕೈಗೇ ಕೊಡಬೇಕೆಂದು ಬ್ರೌಸರಿಗೆ ಹೇಳಿಡಬೇಕು.

ಇಲ್ಲಿ ಒಂದು ತೊಡಕು. ಈಗಿನ ಸೈಟುಗಳ ಪತ್ರಗಳೆಲ್ಲ ಅರಗು ಹಾಕಿ ಮುದ್ರೆ ಒತ್ತಿದ ಲಕೋಟೆಗಳು. ಕೆಲವು ಬ್ರೌಸರುಗಳಲ್ಲಿ ವಿಳಾಸದ ಮೊದಲು ಬೀಗದ ಗುರುತು ಕಾಣುತ್ತದಲ್ಲ, ಅದೇ. ಶಿಪಾಯಿಯು ಲಕೋಟೆ ಒಡೆದು ನಕಲು ಮಾಡಿ ಮತ್ತೆ ತನ್ನದೊಂದು ಮುದ್ರೆ ಒತ್ತಿ ಕಳಿಸಬೇಕಾಗುತ್ತದೆ. ಬ್ರೌಸರು ಆ ಅಪರಿಚಿತ ಮುದ್ರೆಯನ್ನು ಒಪ್ಪುವುದಿಲ್ಲ, ಒಪ್ಪಬಾರದು ಸಹ. ಅದಕ್ಕಾಗಿ ಜೆಮೀಟರು ಒಂದು ಪ್ರಮಾಣಪತ್ರವನ್ನು ಹುಟ್ಟಿಸುತ್ತದೆ. ಅದನ್ನು ನಮ್ಮ ಕೈಯಾರೆ ಬ್ರೌಸರಿನೊಳಗೆ ಸೇರಿಸಬೇಕು. ಅದರ ಆಯುಷ್ಯವನ್ನು ಏಳೇ ದಿನಕ್ಕೆ ಇಟ್ಟಿದ್ದಾರೆ, ಜಾಣತನದ ಏರ್ಪಾಡು. ಆದರೂ ಕೆಲಸ ಮುಗಿದ ಕೂಡಲೆ ತೆಗೆದುಹಾಕುವುದು ಒಳ್ಳೆಯದು. ಈ ಕೆಲಸಕ್ಕೆ ಬೇರೊಂದು ಬ್ರೌಸರನ್ನೇ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಇಲ್ಲವಾದರೆ ನಮ್ಮ ಮೇಲ್ ಪೆಟ್ಟಿಗೆಯ ಪತ್ರವೂ ಬ್ಯಾಂಕಿನ ಪತ್ರವೂ ಅದೇ ವಹಿಯಲ್ಲಿ ಏರಿ ಕುಳಿತಿರುತ್ತವೆ.

ಎರಡನೆಯ ಹಾದಿಗೆ ಶಿಪಾಯಿ ಬೇಡ. ಕಂಪ್ಯೂಟರಿನಲ್ಲಿ ಬ್ರೌಸರು ತೆರೆದು ಎಫ್-೧೨ ಗುಂಡಿ ಒತ್ತಿದರೆ ಕೆಳಗೋ ಬದಿಗೋ ಒಂದು ಚೌಕಟ್ಟು ತೆರೆದುಕೊಳ್ಳುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ಭಾಗಕ್ಕೆ ಹೋದರೆ ಹೋಗುವ ಬರುವ ಪತ್ರಗಳೆಲ್ಲ ಕಣ್ಣೆದುರೇ ಸಾಲಾಗಿ ಇಳಿಯುತ್ತವೆ. ಅದೆಲ್ಲವನ್ನೂ ಎಚ್.ಎ.ಆರ್. ಎಂಬ ಒಂದು ಕಡತವಾಗಿ ಉಳಿಸಿಕೊಳ್ಳಬಹುದು. ಗ್ಯಾಟ್ಲಿಂಗ್, ಕೆ-೬ ಮೊದಲಾದ ಬೇರೆ ಉಪಕರಣಗಳು ಆ ಕಡತದಿಂದಲೇ ಪರೀಕ್ಷೆಯ ಪಾಠವನ್ನು ಕಟ್ಟಿಕೊಳ್ಳಬಲ್ಲವು. ಕುತೂಹಲವಿದ್ದವರು ವಾಚನಾಲಯದ ಕಂಪ್ಯೂಟರಿನಲ್ಲಿ ಒಮ್ಮೆ ಎಫ್-೧೨ ಒತ್ತಿ ನೋಡಿರಿ. ಒಂದು ವರ್ತಮಾನ ಪತ್ರಿಕೆಯ ಮುಖಪುಟ ತೆರೆಯಲು ಎಷ್ಟು ಪತ್ರಗಳು ಓಡಾಡುತ್ತವೆ, ಅದರಲ್ಲಿ ಎಷ್ಟು ಬರೇ ಜಾಹೀರಾತಿನವು ಎಂಬುದನ್ನು ಕಂಡು ಆಶ್ಚರ್ಯಪಡುವಿರಿ.

ಇನ್ನು ನಮ್ಮ ಹುಡುಗನ ಕಥೆಗೆ ಬರುತ್ತೇನೆ. ನಾನು ನನ್ನ ಟೋಕನ್ ನಂಬರು, ಗುಪ್ತಪದ ಹಾಕಿ ಒಳಹೊಕ್ಕು, ತಿಂಗಳನ್ನು ಆರಿಸಿ, ಚೀಟಿಯನ್ನು ತೆರೆದು, ಹೊರಬಂದೆ. ಅವನು ಚಿತ್ರಗಳ ಪತ್ರಗಳನ್ನೂ ಹೊರಗಿನ ಬೇರೆ ಪತ್ರಗಳನ್ನೂ ವಹಿಯಿಂದ ಸೋಸಿದ. ಅನಂತರ ೩೦೦ ಕಲ್ಪಿತ ಮನುಷ್ಯರನ್ನು ಏರ್ಪಡಿಸಿ ಆ ವಹಿಯನ್ನೇ ಓದಿಸಿದ. ಬ್ರೌಸರುಗಳನ್ನೇ ೩೦೦ ತೆರೆದರೆ ಒಂದು ಕಂಪ್ಯೂಟರಿಗೆ ತಾಳದು. ಆದರೆ ಬರೇ ಪತ್ರಗಳನ್ನು ಬರೆಯುವುದು ಅದಕ್ಕೆ ಭಾರವಲ್ಲ. ಹತ್ತು ನಿಮಿಷದಲ್ಲಿ ವರದಿ ಬಂತು. ಎಲ್ಲ ಸಾಲುಗಳೂ ಹಸಿರು. ಸರ್ವರು ಪ್ರತಿಯೊಂದಕ್ಕೂ ೨೦೦ ಎಂಬ ಅಂಕಿಯ ಉತ್ತರ ಕೊಟ್ಟಿತ್ತು. "ನಿಮ್ಮ ಪತ್ರಕ್ಕೆ ಉತ್ತರ ಲಗತ್ತಿಸಿದೆ" ಎಂಬುದು ಆ ಅಂಕಿಯ ಅರ್ಥ. ಹುಡುಗ ಸಂತೋಷದಿಂದ ಚಹಾ ಕುಡಿದು ಹೋದ. ಮೇಲಿನವರು ಸಹಿ ಹಾಕಿದರು.

ಪಗಾರದ ದಿನ ಮಧ್ಯಾಹ್ನ ಮೂರಕ್ಕೆ, ಒಂದು ಪಾಳಿ ಬಿಟ್ಟು ಇನ್ನೊಂದು ಸೇರುವ ಹೊತ್ತಿಗೆ, ಚೀಟಿಗಳನ್ನು ಸೈಟಿಗೆ ಹಾಕಿದರು. ಎರಡು ಪಾಳಿಯ ಸುಮಾರು ೮೦೦ ಜನ ಮೊಬೈಲು ತೆಗೆದರು. ಐದು ನಿಮಿಷದೊಳಗೆ ಎಲ್ಲರ ಪರದೆಯ ಮೇಲೂ ಆ ಚಕ್ರ. ಇಂಡಿ ತಾಲೂಕಿನ ನಮ್ಮವರೊಬ್ಬರು ಮಗಳ ಕಾಲೇಜಿನ ಫೀಗಾಗಿ ಸೊಸಾಯಿಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದರು. ಆ ತಿಂಗಳ ಚೀಟಿಯನ್ನು ಸಂಜೆ ಐದರೊಳಗೆ ತೋರಿಸಬೇಕಿತ್ತು. ಹಳೆಯ ಪದ್ಧತಿಯಾಗಿದ್ದರೆ ನಾನೇ ಒಂದು ಕಾಗದ ಹರಿದು ಕೊಟ್ಟಿರುತ್ತಿದ್ದೆ. ಅವರು ನನ್ನ ಮೇಜಿನ ಮುಂದೆ ಆರು ಗಂಟೆಯವರೆಗೆ ನಿಂತಿದ್ದು, ಒಂದು ಮಾತೂ ಆಡದೆ ಹೋದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೂರನೆಯ ದಿನ ಆ ಹುಡುಗ ಮತ್ತೆ ಬಂದ. ಜೊತೆಗೆ ಅವನ ಮೇಲಿನವರು, ನಡುವಯಸ್ಸಿನ ಮರಾಠಿ ಹೆಣ್ಣುಮಗಳು. ಆಕೆ ವರದಿಯ ಹಸಿರನ್ನು ನೋಡಲೇ ಇಲ್ಲ. ಸರ್ವರು ಕಳಿಸಿದ ಒಂದು ಉತ್ತರವನ್ನು ಬಿಚ್ಚಿ, ಒಳಗೆ ಏನು ಬರೆದಿದೆಯೆಂದು ಓದಿದರು. ಅದರಲ್ಲಿ ಪಗಾರದ ಚೀಟಿಯೇ ಇರಲಿಲ್ಲ! "ನಿಮ್ಮ ಅವಧಿ ಮುಗಿದಿದೆ, ಮತ್ತೊಮ್ಮೆ ಒಳಬನ್ನಿರಿ" ಎಂಬ ಪುಟವಿತ್ತು. ಮುನ್ನೂರಕ್ಕೆ ಮುನ್ನೂರು ಮಂದಿಗೂ ಅದೇ ಪುಟ. ಅಂದರೆ ಹುಡುಗನ ಕಲ್ಪಿತ ಜನರು ಬಾಗಿಲಲ್ಲಿಯೇ ತಿರುಗಿ ಹೋಗಿದ್ದರು. ತಿರುಗಿಸಿ ಕಳಿಸುವ ಕೆಲಸವನ್ನು ಸರ್ವರು ಬಲು ಚುರುಕಾಗಿ ಮಾಡಿತ್ತು.

ಇದೇಕೆ ಹೀಗಾಯಿತು? ದಾಖಲೆಯ ವಿದ್ಯೆಯಲ್ಲಿ ಮುಖ್ಯವಾದ ಸಂಗತಿ ಇದೇ ಆದ್ದರಿಂದ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ನಾವು ಒಂದು ಸೈಟಿನೊಳಕ್ಕೆ ಹೋದಾಗ ಸರ್ವರು ನಮ್ಮ ಕೈಗೆ ಒಂದು ಗುರುತಿನ ಬಿಲ್ಲೆ ಕೊಡುತ್ತದೆ. ಇದಕ್ಕೆ ಕುಕೀ ಎಂದು ಹೆಸರು. ಕೆಲವು ಸೈಟುಗಳು ಇದಲ್ಲದೆ ಪ್ರತಿಯೊಂದು ಫಾರಮಿನ ಒಳಗೂ ಕಣ್ಣಿಗೆ ಕಾಣದ ಇನ್ನೊಂದು ಗುಪ್ತ ಸಂಖ್ಯೆಯನ್ನು ಅಡಗಿಸಿಟ್ಟಿರುತ್ತವೆ. ಫಾರಮು ತುಂಬಿ ಕಳಿಸುವಾಗ ಅದು ಹಿಂದಿರುಗಿ ಬಂದರೆ ಮಾತ್ರ ಸ್ವೀಕಾರ. ಈ ಎರಡೂ ಪ್ರತಿ ಸಲ ಹೊಸದು. ಹುಡುಗನ ವಹಿಯಲ್ಲಿದ್ದದ್ದು ಆ ಸೋಮವಾರ ನನಗೆ ಸಿಕ್ಕಿದ ಬಿಲ್ಲೆ ಮತ್ತು ಸಂಖ್ಯೆ. ನಿನ್ನೆಯ ಗೇಟ್‌ಪಾಸು ತೋರಿಸಿ ಇಂದು ಒಳಗೆ ಹೋಗುತ್ತೇನೆಂದರೆ ನಮ್ಮ ಗಿರಣಿಯ ವಾಚ್‌ಮನ್ ಸಹ ಬಿಡುವುದಿಲ್ಲ. ಆದುದರಿಂದ ದಾಖಲೆಯನ್ನು ಇದ್ದಂತೆಯೇ ಓದಿಸಬಾರದು. ಆಗತಾನೆ ಬಂದ ಉತ್ತರದಲ್ಲಿ ಆ ಸಂಖ್ಯೆ ಎಲ್ಲಿದೆಯೆಂದು ಹುಡುಕಿ, ಹೆಕ್ಕಿ ತೆಗೆದು, ಮುಂದಿನ ಪತ್ರದಲ್ಲಿ ಹಳೆಯದರ ಜಾಗಕ್ಕೆ ಕೂಡಿಸುವಂತೆ ತಿದ್ದಬೇಕು. ಇದಕ್ಕೆ ಅವರ ಭಾಷೆಯಲ್ಲಿ ಕೋರಿಲೇಶನ್ ಎನ್ನುತ್ತಾರೆ. ಕುಕೀಗಳನ್ನು ನೋಡಿಕೊಳ್ಳಲು ಜೆಮೀಟರಿನಲ್ಲಿಯೇ ಒಬ್ಬ ಮ್ಯಾನೇಜರಿದ್ದಾನೆ. ಗುಪ್ತ ಸಂಖ್ಯೆಯನ್ನು ಮಾತ್ರ ಪರೀಕ್ಷಕನೇ ಕಣ್ಣಿಟ್ಟು ಹುಡುಕಬೇಕು. ಯಾವುದು ಬದಲಾಗುತ್ತದೆಂದು ತಿಳಿಯುವುದು ಹೇಗೆ? ಆಕೆ ತೋರಿಸಿದ ಉಪಾಯ ಸರಳ: ಒಂದೇ ಕೆಲಸವನ್ನು ಎರಡು ಸಲ ದಾಖಲಿಸಿ, ಎರಡು ವಹಿಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡುವುದು. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಕೈ ಹಾಕಬೇಕು. ಲೆಕ್ಕದ ಮನುಷ್ಯನಾದ ನನಗೆ ಇದು ಬಹಳ ಹಿಡಿಸಿತು.

ಅದರ ಜೊತೆಗೆ ಆಕೆ ಪ್ರತಿಯೊಂದು ಉತ್ತರದಲ್ಲಿಯೂ "ನಿವ್ವಳ ಪಗಾರ" ಎಂಬ ಶಬ್ದವಿದ್ದರೆ ಮಾತ್ರ ಹಸಿರು, ಇಲ್ಲದಿದ್ದರೆ ಕೆಂಪು ಎಂದು ಕಟ್ಟುಮಾಡಿದರು. ೨೦೦ ಎಂಬ ಅಂಕಿಯನ್ನು ನಂಬಿ ಕುಳಿತುಕೊಳ್ಳುವ ಹಾಗಿಲ್ಲ.

ಮತ್ತೆ ಓಡಿಸಿದರು. ಈ ಸಲ ನಿಜವಾಗಿ ಚೀಟಿ ಬಂತು. ಆದರೂ ವೇಗವಾಗಿಯೇ ಬಂತು! ಹುಡುಗ ಕಕ್ಕಾಬಿಕ್ಕಿಯಾದ. ಕಾರಣವನ್ನು ಈ ಸಲ ನಾನೇ ಹೇಳಿದೆನೆಂಬ ಸಣ್ಣ ಹೆಮ್ಮೆ ನನಗುಂಟು. ಮುನ್ನೂರು ಜನರೂ ಕೇಳುತ್ತಿದ್ದದ್ದು ನನ್ನೊಬ್ಬನ ಚೀಟಿಯನ್ನು. ಕಾರಕೂನನ ಹತ್ತಿರ ಮುನ್ನೂರು ಜನ ಬಂದು ಒಂದೇ ಫೈಲು ಕೇಳಿದರೆ ಅವನು ಕಪಾಟಿಗೆ ಒಮ್ಮೆ ಮಾತ್ರ ಹೋಗುತ್ತಾನೆ. ಆಮೇಲೆ ಅದು ಮೇಜಿನ ಮೇಲೆಯೇ ಇರುತ್ತದೆ. ಸರ್ವರೂ ಹಾಗೆಯೇ ಮಾಡಿತ್ತು. ೮೦೦ ಜನ ೮೦೦ ಫೈಲು ಕೇಳಿದಾಗಲಷ್ಟೇ ಕಪಾಟಿನ ಸ್ಥಿತಿ ಬಯಲಾಗುವುದು. ಆಗ ಬೇರೆ ಬೇರೆ ಪರೀಕ್ಷಾ ನಂಬರುಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಬ್ಬ ಕಲ್ಪಿತ ಮನುಷ್ಯನೂ ಪಟ್ಟಿಯಿಂದ ಒಂದೊಂದು ನಂಬರನ್ನು ಎತ್ತಿಕೊಳ್ಳುವಂತೆ ಮಾಡಿದರು. ಪರದೆ ಕೆಂಪಾಯಿತು. ಒಬ್ಬನ ಒಂದು ತಿಂಗಳ ಚೀಟಿಗಾಗಿ ಸರ್ವರು ಎಲ್ಲರ ಎಲ್ಲ ತಿಂಗಳ ದಾಖಲೆಯನ್ನೂ ಮೊದಲಿನಿಂದ ಕೊನೆಯವರೆಗೆ ಹುಡುಕುತ್ತಿತ್ತು. ವಹಿಗೆ ಅನುಕ್ರಮಣಿಕೆಯನ್ನೇ ಬರೆದಿರಲಿಲ್ಲ.

ಮತ್ತೊಂದು ವಿಷಯ ಹೊತ್ತಿನದು. ಮನುಷ್ಯನು ಒಂದು ಪುಟ ತೆರೆದು ಓದುತ್ತಾನೆ, ಕನ್ನಡಕ ಹುಡುಕುತ್ತಾನೆ, ಗುಪ್ತಪದ ನೆನಪಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಇದಾವುದೂ ಇಲ್ಲ. ನಮ್ಮ ಲೆಕ್ಕವನ್ನೇ ಹೇಳುತ್ತೇನೆ: ೮೦೦ ಜನ ಹತ್ತು ನಿಮಿಷದಲ್ಲಿ ಬರುತ್ತಾರೆಂದರೆ ನಿಮಿಷಕ್ಕೆ ೮೦. ಒಬ್ಬೊಬ್ಬನು ಸೈಟಿನಲ್ಲಿ ಮೂರು ನಿಮಿಷ ಇರುತ್ತಾನೆಂದರೆ ಯಾವುದೇ ಒಂದು ಕ್ಷಣದಲ್ಲಿ ಒಳಗಿರುವವರು ೮೦ಕ್ಕೆ ೩ರ ಗುಣಾಕಾರ, ೨೪೦ ಜನ. ಈಗ ಈ ೨೪೦ ಕಲ್ಪಿತ ಜನರಿಂದ ನಡುವಿನ ಬಿಡುವನ್ನೆಲ್ಲ ತೆಗೆದುಹಾಕಿದರೆ ಮೂರು ನಿಮಿಷದ ಕೆಲಸ ಆರು ಸೆಕೆಂಡಿನಲ್ಲಿ ಮುಗಿದು, ಮತ್ತೆ ಮತ್ತೆ ಸುತ್ತುತ್ತಾ ನಿಮಿಷಕ್ಕೆ ೨,೪೦೦ ಸಲ ಒಳಹೊಕ್ಕಂತಾಗುತ್ತದೆ. ಅದು ನಿಜವಾದ ಭಾರದ ಮೂವತ್ತು ಪಟ್ಟು. ಸೈಟು ಬಿದ್ದರೂ ಅದರಿಂದ ಏನೂ ತಿಳಿಯದು. ಹಾಗೆಂದು ದಾಖಲೆಯಲ್ಲಿ ನಾನು ತೆಗೆದುಕೊಂಡ ಬಿಡುವನ್ನೇ ಎಲ್ಲರಿಗೂ ಹಚ್ಚಿದರೆ ೨೪೦ ಜನರೂ ಕವಾಯತಿನಂತೆ ಒಟ್ಟಿಗೆ ಹೆಜ್ಜೆ ಹಾಕುತ್ತಾರೆ, ಅದೂ ಸುಳ್ಳು. ಕೆಲವರಿಗೆ ಹೆಚ್ಚು ಕೆಲವರಿಗೆ ಕಡಿಮೆ ಎಂದು ಬಿಡುವನ್ನು ಹಿಂದೆಮುಂದೆ ಮಾಡಬೇಕು, ಜನ ಮೆಲ್ಲಗೆ ಕೂಡುವಂತೆಯೂ ಮಾಡಬೇಕು.

ಯಾವ ಹಾದಿಯನ್ನು ದಾಖಲಿಸಬೇಕೆಂಬುದಕ್ಕೂ ಅಷ್ಟೇ ಬೆಲೆಯಿದೆ. ಅಮೆರಿಕದಲ್ಲಿ ಆರೋಗ್ಯ ವಿಮೆಗಾಗಿ ಸರಕಾರವು ೨೦೧೩ರ ಅಕ್ಟೋಬರ್ ೧ರಂದು ಹೆಲ್ತ್‌ಕೇರ್ ಡಾಟ್ ಗವ್ ಎಂಬ ಸೈಟನ್ನು ತೆರೆಯಿತು. ಏಕಕಾಲಕ್ಕೆ ೫೦ರಿಂದ ೬೦ ಸಾವಿರ ಜನ ಬರಬಹುದೆಂದು ಎಣಿಸಿದ್ದಲ್ಲಿ ಎರಡೂವರೆ ಲಕ್ಷ ಜನ ಮುಗಿಬಿದ್ದರೆಂದು ಅಲ್ಲಿಯ ಅಧಿಕಾರಿಗಳು ಹೇಳಿದರು. ಮೊದಲ ದಿನ ವಿಮೆಗೆ ಹೆಸರು ಹಚ್ಚಲು ಸಾಧ್ಯವಾದದ್ದು ಆರೇ ಆರು ಮಂದಿಗೆ. ತೆರೆಯುವ ಕೆಲವು ದಿನ ಮುಂಚೆ ನಡೆಸಿದ ಪರೀಕ್ಷೆಯಲ್ಲಿ ಕೆಲವು ನೂರು ಕಲ್ಪಿತ ಜನರಿಗೇ ಸೈಟು ನಿಂತುಹೋಗಿತ್ತು, ಆದರೂ ತೆರೆದರು. ವಿಮೆಗಳ ದರ ನೋಡಬೇಕೆಂದವನೂ ಮೊದಲು ಖಾತೆ ತೆರೆಯಲೇಬೇಕೆಂದು ನಿಯಮ ಮಾಡಿದ್ದರಿಂದ ಎಲ್ಲರೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡರು. ಜನ ಎಲ್ಲಿ ನಿಲ್ಲುತ್ತಾರೋ ಆ ಬಾಗಿಲನ್ನೇ ದಾಖಲಿಸಬೇಕು. ನಮ್ಮ ಗಿರಣಿಯವರಲ್ಲಿ ಬಹಳ ಜನ ಗುಪ್ತಪದ ಮರೆತು "ಮರೆತಿದ್ದೇನೆ" ಎಂಬುದನ್ನು ಒತ್ತುತ್ತಾರೆ. ಹುಡುಗನ ವಹಿಯಲ್ಲಿ ಆ ಹಾದಿಯೇ ಇರಲಿಲ್ಲ, ಏಕೆಂದರೆ ನಾನು ಮರೆತಿರಲಿಲ್ಲ.

ಜೆಮೀಟರಿನ ಮಿತಿಯನ್ನೂ ಹೇಳಬೇಕು. ಅದು ಬ್ರೌಸರಲ್ಲ. ಪುಟದೊಳಗಿನ ಜಾವಾಸ್ಕ್ರಿಪ್ಟನ್ನು ನಡೆಸುವುದಿಲ್ಲ. ಉತ್ತರ ಎಷ್ಟು ಹೊತ್ತಿಗೆ ಬಂತೆಂದು ಹೇಳುತ್ತದೆ, ಹಳೆಯ ಮೊಬೈಲಿನಲ್ಲಿ ಆ ಪುಟ ಮೂಡಲು ಎಷ್ಟು ಹೊತ್ತಾಯಿತೆಂದು ಹೇಳಲಾರದು.

ಈಗ ಎರಡು ಎಚ್ಚರಿಕೆಗಳು. ನಮ್ಮ ಹುಡುಗರು ಕೆಲವರು ಸಂಜೆಯ ತರಗತಿಗಳಲ್ಲಿ ಟೆಸ್ಟಿಂಗ್ ಕಲಿಯುತ್ತಿದ್ದಾರೆಂದು ಬಲ್ಲೆ. ಅಭ್ಯಾಸಕ್ಕೆಂದು ಕಂಡವರ ಸೈಟಿನ ಮೇಲೆ ಕಲ್ಪಿತ ಜನರನ್ನು ಬಿಡಬೇಡಿರಪ್ಪಾ. ಒಡೆಯರ ಅಪ್ಪಣೆಯಿಲ್ಲದೆ ಹಾಗೆ ಮಾಡಿ ಸೈಟನ್ನು ಕೆಡಿಸಿದರೆ, ಇತರರಿಗೆ ಅದು ಸಿಗದಂತೆ ಮಾಡಿದರೆ, ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೪೩ನೆಯ ಕಲಮಿನಲ್ಲಿ ಬರುತ್ತದೆ. ಬೇಕೆಂದೇ ಮೋಸದಿಂದ ಮಾಡಿದರೆ ೬೬ನೆಯ ಕಲಮಿನಂತೆ ಅಪರಾಧ. ನಿಮ್ಮ ಕಂಪ್ಯೂಟರಿನಲ್ಲಿಯೇ ಒಂದು ಚಿಕ್ಕ ಸೈಟು ಮಾಡಿಕೊಂಡು ಕಲಿಯಿರಿ.

ಎರಡನೆಯದು ನಮ್ಮೆಲ್ಲರಿಗೂ ಸೇರಿದ್ದು. ದಾಖಲೆಯ ವಹಿಯಲ್ಲಿ ಗುಪ್ತಪದವೂ ಬಿಲ್ಲೆಯೂ ಬಿಚ್ಚಿದ ಅಕ್ಷರಗಳಲ್ಲಿ ಇರಬಹುದು. ಸೈಟು ಕೆಟ್ಟಿದೆಯೆಂದು ದೂರು ಕೊಟ್ಟಾಗ ಸಹಾಯಕ್ಕೆ ಬಂದವರು "ಎಚ್.ಎ.ಆರ್. ಕಡತ ಕಳಿಸಿರಿ" ಎಂದು ಕೇಳುವುದುಂಟು. ೨೦೨೩ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಅಮೆರಿಕದ ಒಕ್ಟಾ ಎಂಬ ಕಂಪನಿಯ ಸಹಾಯ ವಿಭಾಗದೊಳಗೆ ಕಳ್ಳರು ನುಗ್ಗಿ ೧೩೪ ಗಿರಾಕಿಗಳ ಕಡತಗಳನ್ನು ಮುಟ್ಟಿದರು. ಗಿರಾಕಿಗಳು ಕಳಿಸಿದ್ದ ಇಂಥ ಎಚ್.ಎ.ಆರ್. ಕಡತಗಳೂ ಅವುಗಳಲ್ಲಿದ್ದುವು. ಅವುಗಳಲ್ಲಿದ್ದ ಜೀವಂತ ಬಿಲ್ಲೆಗಳನ್ನು ಹಿಡಿದು ಐದು ಗಿರಾಕಿಗಳ ಅವಧಿಯನ್ನೇ ವಶಪಡಿಸಿಕೊಂಡರು. ಒಳಹೋಗುವ ಕಂಪನಿಗೇ, ಅದೂ ಬೀಗದ ವ್ಯಾಪಾರ ಮಾಡುವ ಕಂಪನಿಗೇ, ಹೀಗಾಯಿತು. ಇಂಥ ಕಡತವನ್ನು ಯಾರಿಗೇ ಕೊಡುವ ಮುಂಚೆ ಬಿಲ್ಲೆಗಳನ್ನು ಅಳಿಸಿರಿ. ಅಳಿಸಲು ಬಾರದಿದ್ದರೆ ಸೈಟಿನಿಂದ ಹೊರಬಂದು ಗುಪ್ತಪದ ಬದಲಿಸಿದ ಮೇಲೆ ಕೊಡಿರಿ. ಫೋನಿನಲ್ಲಿ ಕೇಳುವ ಅಪರಿಚಿತನಿಗಂತೂ ಬೇಡವೇ ಬೇಡ. ನಮ್ಮ ಹುಡುಗನ ವಹಿಯಲ್ಲಿ ನನ್ನ ಗುಪ್ತಪದ ಹಾಗೆಯೇ ಕುಳಿತಿದ್ದನ್ನು ಆ ಬಾಯಿಯವರೇ ನನಗೆ ತೋರಿಸಿದರು. ಅದೇ ದಿನ ಬದಲಿಸಿದೆ.

ಮುಂದಿನ ತಿಂಗಳ ಪಗಾರದ ದಿನ ಅನುಕ್ರಮಣಿಕೆ ಬರೆದಾಗಿತ್ತು, "ಮರೆತಿದ್ದೇನೆ" ಹಾದಿಯನ್ನೂ ಪರೀಕ್ಷಿಸಿಯಾಗಿತ್ತು. ಮೂರು ಗಂಟೆಗೆ ಚಕ್ರ ತಿರುಗಿತು, ನಾಲ್ಕೈದು ಸೆಕೆಂಡಿಗೆ ನಿಂತಿತು. ಇಂಡಿಯವರಿಗೆ ಆ ತಿಂಗಳು ಸಾಲ ಮಂಜೂರಾಯಿತು. ಫೀಯ ತಾರೀಖು ದಾಟಿದ್ದರಿಂದ ದಂಡ ಕಟ್ಟಬೇಕಾಯಿತು.

ಜೆಮೀಟರನ್ನು ವಾಚನಾಲಯದ ಕಂಪ್ಯೂಟರಿನಲ್ಲಿ ಹಾಕಿಟ್ಟಿದ್ದೇನೆ, ಅಭ್ಯಾಸಕ್ಕೆ ಒಂದು ಸಣ್ಣ ಸೈಟನ್ನೂ ಅದರಲ್ಲಿಯೇ ಇಟ್ಟಿದೆ. ಆಸಕ್ತರು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಂದರೆ ಕೂಡಿ ನೋಡೋಣ. ನನಗೆ ಎರಡನೆಯ ಪಾಳಿಯಿದ್ದ ವಾರ ಸೂಚನಾ ಫಲಕದಲ್ಲಿ ಬರೆದಿರುತ್ತೇನೆ.